ಮಾವನವರ ತಲೆಯೊಳಗಿನ ನೀರು

ನಮ್ಮ ಮನೆಯಲ್ಲಿ ಬುದ್ಧಿವಂತರಿಗೇನೂ ಬರವಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿದ್ದ ಮನೆಗೊಬ್ಬ ಪಂಡಿತನಿದ್ದರೆ ನಮ್ಮಲ್ಲಿ ಇಬ್ಬರಿದ್ದರು: ನನ್ನ ಭಾವ ಮತ್ತು ಅವರ ಹೆಂಡತಿ. ನನ್ನ ಗಂಡನನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಣ್ಣ ಕೆಮ್ಮಿದರೆ ಇವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಾವನವರಿಗೆ ಅರವತ್ತೈದು ದಾಟಿತ್ತು. ನಾಲ್ಕು ಪವರ್‌ಲೂಮ್ ಮಗ್ಗಗಳ ನಡುವೆ ದಿನವಿಡೀ ಓಡಾಡುತ್ತ, ಹರಿದ ಎಳೆಯನ್ನು ಕಣ್ಣುಮುಚ್ಚಿಕೊಂಡು ಬೇಕಾದರೂ ಗಂಟು ಹಾಕುತ್ತಿದ್ದವರು. ಆ ವರ್ಷ ಅವರ ನಡಿಗೆ ಕೆಟ್ಟಿತು. ಕಾಲು ಅಗಲಿಸಿ, ನೆಲಕ್ಕೆ ಅಂಟಿಕೊಂಡಂತಿದ್ದ ಪಾದವನ್ನು ಎಳೆದೆಳೆದು ಇಡುತ್ತಿದ್ದರು. ತಿರುಗಬೇಕಾದರೆ ಗೋಡೆ ಹಿಡಿಯುತ್ತಿದ್ದರು. ಆಮೇಲೆ ಪಂಚೆ ಒದ್ದೆಯಾಗತೊಡಗಿತು. ಊಟ ಮಾಡಿದ್ದನ್ನು ಮರೆತು ಮತ್ತೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು.

ಭಾವ ಒಂದೇ ದಿನದಲ್ಲಿ ರೋಗ ಪತ್ತೆ ಮಾಡಿಬಿಟ್ಟರು. "ಅಪ್ಪ ಕುಡೀತಾವ್ರೆ. ಸಂಜೆ ಬಸ್ ಸ್ಟ್ಯಾಂಡ್ ಕಡೆ ಹೋಗ್ತಾರಲ್ಲ, ಅಲ್ಲೇ ಹಾಕ್ಕೊಂಡು ಬರ್ತಾರೆ."

ಜೀವಮಾನದಲ್ಲಿ ಹೆಂಡದಂಗಡಿಯ ಮೆಟ್ಟಿಲು ತುಳಿಯದ ಮನುಷ್ಯನ ಮೇಲೆ ಈ ಮಾತು! ಆಡಿದವರು ಯಾರು? ನೇಯ್ದ ಸೀರೆಗಳನ್ನು ಅಂಗಡಿಗೆ ಹಾಕಿಬರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗಲೆಲ್ಲ ಏಲಕ್ಕಿ ಅಗಿಯುತ್ತ ಮನೆಗೆ ಬರುತ್ತಿದ್ದ ಮಹಾನುಭಾವರು. ತಾನು ಕಳ್ಳ, ಪರರ ನಂಬ.

ಸಾಕ್ಷಿ ಬೇಕಲ್ಲ, ಅದಕ್ಕೆ ನನಗೆ ಅಪ್ಪಣೆಯಾಯಿತು. "ಕಾಫಿ ಕೊಡೋಳು ನೀನೇ ತಾನೆ. ಲೋಟ ಕೊಡೋವಾಗ ಬಾಯಿ ಮೂಸಿ ನೋಡಮ್ಮ."

ಕಿರಿಸೊಸೆ ನಾನು. ಮೂಸಿದೆ. ಬೆಳಿಗ್ಗೆ ಸಂಜೆ, ಲೋಟವನ್ನು ಕೈಗಿಡುವ ನೆಪದಲ್ಲಿ ಬಗ್ಗಿ, ಹದಿನೈದು ದಿನ ಮೂಸಿದೆ. ಎಲೆಯಡಿಕೆಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಹಾಗೆಂದು ಹೇಳಿದರೆ ಭಾವ, "ಜಾಣರು ಕಣಮ್ಮ, ವಾಸ್ನೆ ಬರ್ದಿರ್ಲಿ ಅಂತ್ಲೇ ಎಲೆಯಡಿಕೆ ಹಾಕ್ಕೊಂಡಿರ್ತಾರೆ" ಎಂದರು. ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಒಂದು ದಿನ ಮಾವನವರು ಮಗ್ಗದ ಪಕ್ಕದಲ್ಲೇ ಬಿದ್ದು ಹಣೆ ಒಡೆದುಕೊಂಡರು. ಹೊಲಿಗೆ ಹಾಕಿದ ಡಾಕ್ಟರು ನಡಿಗೆ ನೋಡಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಭಾವನಿಗೆ ಮಗ್ಗ ನಿಲ್ಲಿಸಲು ಮನಸ್ಸು ಬರಲಿಲ್ಲ. ನಾನೂ ನನ್ನ ಗಂಡನೂ ಕರೆದುಕೊಂಡು ಹೋದೆವು.

ಅಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನಡುವಿನ ಕಪ್ಪು ಜಾಗ ತೋರಿಸಿದರು. "ಮೆದುಳಿನೊಳಗೆ ನಾಲ್ಕು ಕೋಣೆ ಇರುತ್ವೆ. ಅಲ್ಲಿ ದಿನಾ ತಿಳಿನೀರು ಹುಟ್ಟಿ, ಮೆದುಳು, ಬೆನ್ನುಹುರಿ ಎಲ್ಲಾ ಸುತ್ತಿ ರಕ್ತಕ್ಕೆ ಸೇರುತ್ತೆ. ನಮಗೆಲ್ಲ ಹಾಗೇ. ಇವರಿಗೆ ಹುಟ್ಟೋದು ಹುಟ್ತಾ ಇದೆ, ಸೇರೋದು ಸರಿಯಾಗಿ ಆಗ್ತಿಲ್ಲ. ಕೋಣೆಗಳು ಉಬ್ಬಿವೆ. ಅದಕ್ಕೇ ಕಾಲು, ಮೂತ್ರ, ನೆನಪು ಮೂರೂ ಕೆಟ್ಟಿರೋದು."

"ಕುಡಿತದಿಂದ ಅಲ್ವಾ?" ಎಂದರು ನನ್ನ ಗಂಡ. ಡಾಕ್ಟರಮ್ಮ ಅವರನ್ನು ಒಮ್ಮೆ ನೋಡಿ, ಮುಂದಿನ ಪರೀಕ್ಷೆಗೆ ಬರೆದುಕೊಟ್ಟರು.

ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದರು. ಮೊದಲೇ ಬಿಡಿಸಿ ಹೇಳಿದ್ದರು: ಇದು ಚಿಕಿತ್ಸೆಯಲ್ಲ, ಪರೀಕ್ಷೆ. ನಡಿಗೆ ಸುಧಾರಿಸಿದರೆ ಆಪರೇಷನ್ನಿನಿಂದ ಗುಣವಾಗುವ ಸಂಭವವಿದೆ ಎಂದರ್ಥ. ನೀರು ಮತ್ತೆ ತುಂಬುತ್ತದೆ, ತೀರಾ ತಡಮಾಡಿದರೆ ಆಮೇಲೆ ಆಪರೇಷನ್ ಮಾಡಿದರೂ ಕಾಲು ಬಾರದೆ ಹೋಗಬಹುದು. ಮಾರನೆಯ ಬೆಳಿಗ್ಗೆ ಮಾವನವರು ವಾರ್ಡಿನ ಉದ್ದಕ್ಕೂ ನಡೆದರು, ಗೋಡೆ ಮುಟ್ಟದೆ ತಿರುಗಿ ಬಂದರು. ನನಗೆ ಅಳು ಬಂತು.

ಮನೆಗೆ ಬಂದರೆ ಭಾವನದು ಬೇರೆಯೇ ತೀರ್ಪು. "ನೀರು ತೆಗೆದ್ರು, ವಾಸಿ ಆಯ್ತು. ಇನ್ನು ತಲೆ ತೂತು ಮಾಡಿಸ್ಕೊಳ್ಳೋಕೆ ನಮಗೇನು ಹುಚ್ಚಾ?" ಕುಡುಕ ಎಂದದ್ದಕ್ಕೆ ಒಂದು ಮಾತಿಲ್ಲ, ತಾನೇ ವಾಸಿಮಾಡಿದವರ ಹಾಗೆ ಅಪ್ಪನನ್ನು ಬೀದಿಯಲ್ಲಿ ನಡೆಸಿ ತೋರಿಸಿದ್ದೇ ತೋರಿಸಿದ್ದು. ಅವರ ಹೆಂಡತಿ ಉಳಿದ ನೀರು ಒಣಗಲಿ ಎಂದು ಬಾಣಂತಿಗೆ ಹಿಡಿದಂತೆ ಮಾವನವರ ತಲೆಗೆ ಸಾಂಬ್ರಾಣಿ ಹೊಗೆ ಹಿಡಿದರು, ಕುಡಿಯುವ ನೀರನ್ನೂ ಕಡಿಮೆ ಮಾಡಿದರು. ನಾನು ಡಾಕ್ಟರ ಮಾತನ್ನು ಮೂರು ಸಲ ಹೇಳಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು ಅಣ್ಣನ ಮಾತಿಗೆ ತಲೆಯಾಡಿಸಿದರು. ಥೂ.

ಆರನೆಯ ದಿನ ಮಾವನವರ ಪಾದ ಹೊಸ್ತಿಲ ಬಳಿ ಮತ್ತೆ ಅಂಟಿತು. ಎಂಟನೆಯ ದಿನ ಪಂಚೆ ಒದ್ದೆ. ಭಾವ ನಿಟ್ಟುಸಿರು ಬಿಟ್ಟು, "ಮತ್ತೆ ಶುರು ಹಚ್ಕೊಂಡ್ರು ನೋಡು" ಎಂದರು.

ನನಗೆ ತಡೆಯಲಾಗಲಿಲ್ಲ. ಭಾವನ ಎದುರಿಗೇ ಗಂಡನಿಗೆ ಹೇಳಿದೆ: "ರೀ, ಏಳಿ. ಆಪರೇಷನ್ನಿಗೆ ಸೈನ್ ಹಾಕೋಕೆ ಮಗ ಬೇಕಂತೆ, ಅದಕ್ಕಾದ್ರೂ ಬನ್ನಿ. ಬರ್ಲಿಲ್ಲ ಅಂದ್ರೆ ಈ ಮನೇಲಿ ಯಾರು ಏಲಕ್ಕಿ ಯಾಕೆ ತಿಂತಾರೆ ಅಂತ ಬೀದೀಲಿ ನಿಂತು ಹೇಳ್ತೀನಿ." ಇಬ್ಬರು ಗಂಡಸರೂ ಒಟ್ಟಿಗೆ ಎದ್ದರು.

ತಲೆಯಿಂದ ಹೊಟ್ಟೆಯವರೆಗೆ ಚರ್ಮದಡಿಯಲ್ಲಿ ಸಣ್ಣ ಕೊಳವೆ ಹಾಕಿದರು, ಹೆಚ್ಚಿದ ನೀರು ಅಲ್ಲಿಗಿಳಿಯಲಿ ಎಂದು. ಮಾವನವರು ನಡೆದುಕೊಂಡೇ ಮನೆಯೊಳಗೆ ಬಂದರು. ಮೊದಲಿನಷ್ಟು ಚುರುಕಿಲ್ಲ, ಆದರೆ ಪಾದ ನೆಲ ಬಿಟ್ಟು ಏಳುತ್ತಿತ್ತು. ನನಗೋ ನೆಲವೇ ಕಾಣುತ್ತಿರಲಿಲ್ಲ. ಈ ಮನೆಯಲ್ಲಿ ಮನುಷ್ಯಳು ಅಂತಿದ್ದರೆ ನಾನೊಬ್ಬಳೇ ಎಂದುಕೊಂಡು ಬೀಗುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ತಂದು, ಅಭ್ಯಾಸಬಲದಿಂದ ಕೊಂಚ ಬಗ್ಗಿ ಲೋಟ ಚಾಚಿದೆ. ಮಾವನವರು ತೆಗೆದುಕೊಳ್ಳಲಿಲ್ಲ. ಬಾಯಿ ಅಗಲಿಸಿ ನನ್ನ ಮುಖಕ್ಕೆ "ಹಾ" ಎಂದು ಉಸಿರು ಬಿಟ್ಟರು.

"ಮೊದ್ಲು ಮೂಸಮ್ಮ. ಆಮೇಲೆ ಕಾಫಿ ಕೊಡು."

ಉಂಡದ್ದನ್ನು ಮರೆಯುತ್ತಿದ್ದವರು ಇದೊಂದನ್ನು ಮರೆತಿರಲಿಲ್ಲ. ಹೇಳಿದ್ದು ಭಾವ, ಸರಿ; ಮೂಸಿದ್ದು ನಾನೇ. ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಅವರೂ ಬಾಯಿ ತೆರೆದುಕೊಂಡೇ ಕೂತಿದ್ದರು.