ಅಕ್ಕ ಕೊಪ್ಪರಿಗೆಯಲ್ಲಿ ಹೊಳೆ ದಾಟಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮೂರಿನಿಂದ ಎಲ್ಲಿಗೆ ಹೋಗಬೇಕಾದರೂ ಮೊದಲು ಹೊಳೆ ದಾಟಬೇಕಿತ್ತು. ಕೃಷ್ಣಾ ನದಿ ಎರಡು ಕವಲಾಗಿ ಒಡೆದು, ನಮ್ಮ ಊರನ್ನು ನಡುವೆ ಬಿಟ್ಟು, ಮುಂದೆ ಹೋಗಿ ಮತ್ತೆ ಒಂದಾಗುತ್ತಿತ್ತು. ಸೇತುವೆ ಇರಲಿಲ್ಲ. ಎರಡು ಹರಿಗೋಲುಗಳಿದ್ದವು. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ಅದರ ಹೊರಮೈಗೆ ಗೋಣಿತಟ್ಟು ಹೊಲಿದು, ನೀರು ನುಗ್ಗದಂತೆ ಡಾಂಬರು ಹಚ್ಚುತ್ತಿದ್ದರು. ಆ ಕೆಲಸಕ್ಕೆ ಕೂಲಿ ಇರಲಿಲ್ಲ. ಮನೆಗೊಬ್ಬರು ಬಂದು ಮಾಡಿ ಹೋಗುತ್ತಿದ್ದರು. ಬಾವಿಯ ಹೂಳು ತೆಗೆಯುವುದು, ದಂಡೆಯ ಮೆಟ್ಟಿಲು ಕಟ್ಟುವುದು, ಬಾಣಂತಿಯ ಮನೆಗೆ ನೀರು ಹೊರುವುದು ಎಲ್ಲವೂ ಹಾಗೆಯೇ ನಡೆಯುತ್ತಿತ್ತು.

ಆ ವರ್ಷ ಅಕ್ಕ ಮುಲ್ಕಿ ಪರೀಕ್ಷೆಗೆ, ಅಂದರೆ ಏಳನೆಯ ತರಗತಿಯ ದೊಡ್ಡ ಪರೀಕ್ಷೆಗೆ ಕೂರಲಿದ್ದಳು. ನಮ್ಮ ನಡುಗಡ್ಡೆಯಿಂದ ಆ ಪರೀಕ್ಷೆಗೆ ಹೊರಟ ಮೊದಲ ಹುಡುಗಿ ಅವಳು. ಅಜ್ಜಿ ಆಗಲೇ ಅವಳಿಗೆ ಗಂಡು ನೋಡಿಟ್ಟಿದ್ದಳು. "ಪಾಸಾದ್ರ ಸಾಲಿ, ನಾಪಾಸಾದ್ರ ಮದಿವಿ" ಎಂದು ಅಜ್ಜಿಗೂ ಅಪ್ಪನಿಗೂ ಕರಾರಾಗಿತ್ತು.

ಪರೀಕ್ಷೆಯ ಹಿಂದಿನ ದಿನ ಊರಿಗೆಲ್ಲ ಹುರುಪು ಬಂತು. "ನಮ್ಮ ಹುಡಿಗಿ ಹೊಸಾ ಡಾಂಬರಿನ ಹರಿಗೋಲದಾಗ ಹೋಗಬೇಕು" ಎಂದು ಯಾರೋ ಅಂದರು. ಒಂದು ಹರಿಗೋಲಿಗೆ ಹಚ್ಚಿ, ಅದು ಒಣಗಿದ ಮೇಲೆ ಇನ್ನೊಂದಕ್ಕೆ ಹಚ್ಚುವುದು ಪದ್ಧತಿ. ಅಂದು ಒಂದು ಹರಿಗೋಲಿಗೆ ಬೇಕಾದುದಕ್ಕಿಂತ ಹೆಚ್ಚು ಜನ ಬಂದಿದ್ದರು. ಯಾರನ್ನೂ ವಾಪಸು ಕಳಿಸಲು ಮನಸ್ಸಾಗದೆ ಎರಡನ್ನೂ ಕವುಚಿ ಹಾಕಿದರು. ತೆಳ್ಳಗೆ ಒಮ್ಮೆ ಬಳಿದರೆ ಸಾಕಿತ್ತು. ಆದರೆ ಅಕ್ಕನಿಗಾಗಿ ಪ್ರತಿ ಮನೆಯವರೂ ಒಂದೊಂದು ಸಲ ಬಳಿದರು. ಕಾದ ಡಾಂಬರಿನ ಖಾರ ವಾಸನೆ ಮನೆಯೊಳಗಿನ ರೊಟ್ಟಿಗೂ ಹತ್ತಿತು.

ಬೆಳಿಗ್ಗೆ ಹರಿಗೋಲು ನಡೆಸುವ ಕಾಕಾ ಬೆರಳಿಟ್ಟು ನೋಡಿದ. ಬೆರಳು ಅಂಟಿಕೊಂಡಿತು. ಡಾಂಬರು ಒಣಗಿರಲೇ ಇಲ್ಲ. ಅದರ ಭಾರಕ್ಕೆ ಎರಡೂ ಹರಿಗೋಲುಗಳ ಗೋಣಿತಟ್ಟು ಜೋತುಬಿದ್ದು ಹೊಲಿಗೆ ಬಿಟ್ಟಿತ್ತು.

"ಪ್ರೀತಿ ಭಾಳ ಆತು ನೋಡ್ರಿ" ಎಂದ ಕಾಕಾ. ಯಾರೂ ನಗಲಿಲ್ಲ. ಅಕ್ಕ ಮಡಿಕೆ ಮುರಿಯದ ಲಂಗ ತೊಟ್ಟು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ಆಚೆ ದಂಡೆಯನ್ನೇ ನೋಡುತ್ತ ನಿಂತಿದ್ದಳು. ಅಳಲಿಲ್ಲ. ಅದನ್ನು ನೋಡಿ ನನಗೇ ಅಳು ಬಂತು.

ಆಗ ಮಾತಾಡಿದವಳು ಅಜ್ಜಿ. "ಬಾಯಿ ತಕ್ಕೊಂಡು ಏನ್ ನಿಂತೀರಿ? ಗಾಣದ ಕೊಪ್ಪರಿಗಿ ತರ್ರಿ!"

ಅಪ್ಪ ಬೆರಗಾಗಿ ಅವಳ ಮುಖ ನೋಡಿದ. "ಕರಾರು ಆಗಿದ್ದು ಪಾಸು ನಾಪಾಸಿಂದು. ಡಾಂಬರಿಂದಲ್ಲ" ಎಂದಳು ಅಜ್ಜಿ.

ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆ ಕಬ್ಬಿಣದ ಕೊಪ್ಪರಿಗೆಯಲ್ಲಿ ಒಂದು ಎಮ್ಮೆ ಮಲಗಬಹುದಿತ್ತು. ಗಂಡಸರು ಅದನ್ನು ಉರುಳಿಸಿ ತಂದು ನೀರಿಗಿಟ್ಟರು. ಅಕ್ಕ ಒಂದು ಬದಿಗೆ ಕೂತಳು. ಅದು ವಾಲಿತು. ತೂಕ ಸರಿಹೋಗಲೆಂದು ಎದುರು ಬದಿಗೆ ನನ್ನನ್ನು ಕೂರಿಸಿ, ಸಾಲದೆ ನನ್ನ ತೊಡೆಯ ಮೇಲೆ ಒಂದು ಗುಂಡುಕಲ್ಲನ್ನೂ ಇಟ್ಟರು. ಅಪ್ಪ, ಕಾಕಾ, ಇನ್ನೂ ಕೆಲವರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಈಜುತ್ತ ಕೊಪ್ಪರಿಗೆಯನ್ನು ತಳ್ಳಿದರು.

ನಡುಹೊಳೆಯಲ್ಲಿ ಸೆಳವು ಸಿಕ್ಕಿತು. ಕೊಪ್ಪರಿಗೆ ಗರ್ರನೆ ತಿರುಗಿತು. ನಮ್ಮ ಊರು, ಆಚೆ ದಂಡೆ, ಮತ್ತೆ ನಮ್ಮ ಊರು. "ಅಲ್ಲಾಡಬ್ಯಾಡ್ರಿ!" ಎಂದು ಅಪ್ಪ ಕೂಗಿದ. ಅಕ್ಕ ಕಣ್ಣು ಮುಚ್ಚಿ ರಾಜಧಾನಿಗಳ ಹೆಸರು ಹೇಳತೊಡಗಿದಳು. ನಾನು ಕಲ್ಲನ್ನು ಅಪ್ಪಿಕೊಂಡೆ. ಗಂಡಸರು ಒಟ್ಟಿಗೇ ಒಂದು ಕಡೆಯಿಂದ ಎದೆಗೊಟ್ಟು ಒತ್ತಿದರು. ಕೊಪ್ಪರಿಗೆ ಸೆಳವಿನಿಂದ ಬಿಡಿಸಿಕೊಂಡು ಮರಳಿಗೆ ಬಂದು ಕರ್ ಎಂದಿತು.

ಎಲ್ಲರೂ ಶಾಲೆಗೆ ಓಡಿದೆವು. ಮೊದಲ ಗಂಟೆ ಹೊಡೆದಾಗಿತ್ತು. ಕೊಪ್ಪರಿಗೆಯ ಮಸಿ ಹತ್ತಿ ಕಪ್ಪಾದ, ನೀರು ಸುರಿಯುವ ಗಂಡಸರನ್ನು ಕಂಡು ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. "ಏನ್ರೀ ಇದು ವೇಷ? ಯಾರು ನೀವು?"

"ಪರೀಕ್ಷಾ ಬರಿಯಾಕಿ ಇಕಿ ರೀ ಮಾಸ್ತರ" ಎಂದ ಕಾಕಾ ಅಕ್ಕನನ್ನು ಮುಂದೆ ಬಿಟ್ಟು. "ನಾವು ಬರೇ ತಳ್ಳಾವರು."

ಮಾಸ್ತರರು ನಕ್ಕು ಪಕ್ಕಕ್ಕೆ ಸರಿದರು. ಲಂಗಕ್ಕೆ ಹತ್ತಿದ್ದ ಬೆಲ್ಲದ ಅಂಟಿನೊಂದಿಗೇ ಅಕ್ಕ ಒಳಗೆ ಹೋಗಿ ಕೂತಳು.

ಅಂದು ಸಂಜೆ ಮರಳಿ ಬಂದ ಅಕ್ಕ ನೇರ ಮನೆಗೆ ಬರಲಿಲ್ಲ. ಮನೆಮನೆಗೆ ಹೋಗಿ ಯಾವ ಪ್ರಶ್ನೆ ಬಂತು, ತಾನು ಏನು ಬರೆದೆ ಎಂದು ಹೇಳಿದಳು. ಓದು ಬರಹ ತಿಳಿಯದವರೂ ಕೆಲಸ ನಿಲ್ಲಿಸಿ ಕೇಳಿದರು. "ಖರೇ ಬರದೀಯಿಲ್ಲ?" ಎಂದು ಕಾಕಾ ಎರಡೆರಡು ಸಲ ಕೇಳಿದ. ಅಕ್ಕ ಪಾಸಾದಳು. ಅಜ್ಜಿ ಕರಾರು ಉಳಿಸಿಕೊಂಡಳು. ಅಕ್ಕನ ಹಿಂದೆ ನಾನೂ ಹೊಳೆ ದಾಟಿ ಶಾಲೆ ಸೇರಿದೆ. ಊರು ಅಂದು ತಳ್ಳಿದ್ದು ಅಕ್ಕನನ್ನಷ್ಟೇ ಅಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಮೊಮ್ಮಕ್ಕಳೇ, ಈಗ ನಾವಿರುವ ಪುಣೆಯ ವಿಮಾನ ನಗರ ಬಡಾವಣೆಯಲ್ಲಿ ಹೊಳೆ ಅಡ್ಡ ಬರುವುದಿಲ್ಲ, ರಸ್ತೆ ಅಡ್ಡ ಬರುತ್ತದೆ. ಈ ವರ್ಷ ನಿಮ್ಮಲ್ಲಿ ಹಿರಿಯವಳ ಹತ್ತನೆಯ ಪರೀಕ್ಷೆಯ ದಿನ ರಸ್ತೆ ಅಗೆದಿದ್ದರು, ಕರೆದ ಕಾರು ಬರಲಿಲ್ಲ. ಕೆಳಗಿನ ಮನೆಯ ಮರಾಠಿ ಹೆಂಗಸು, ನೀವೆಲ್ಲ ಕಾಕೂ ಎಂದು ಕರೆಯುವವರು, ಒಲೆ ಆರಿಸಿ ಬಂದು ಸ್ಕೂಟರ್ ತೆಗೆದರು. "ಚಲ ಬಾಳಾ, ಬಸ್ ಮಾಗೆ", ನಡಿ ಮಗಾ, ಹಿಂದೆ ಕೂರು ಎಂದು ಕೂರಿಸಿಕೊಂಡು, ಗಲ್ಲಿ ಗಲ್ಲಿ ನುಗ್ಗಿ ಹೊತ್ತಿಗೆ ಮುಟ್ಟಿಸಿದರು.

ಸಂಜೆ ನಾನು ಕೇಳಿದೆ, "ಕಾಕೂಗ ಹೇಳಿದ್ಯಾ?"

"ಥ್ಯಾಂಕ್ಸ್ ಅಂತ ಮೆಸೇಜ್ ಹಾಕೀನಿ, ಅಜ್ಜಿ."

"ಅದಲ್ಲ. ಪೇಪರ್ ತಗೊಂಡು ಹೋಗು. ಏನೇನು ಬಂತು, ಏನು ಬರದಿ, ಎಲ್ಲಾ ಹೇಳು."

ಅವಳು ಗೊಣಗುತ್ತ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇಬ್ಬರ ದನಿ ಏರಿತು. ಯಾವುದೋ ತ್ರಿಕೋನದ ಬಗ್ಗೆ ಮರಾಠಿಯಲ್ಲಿ ಜೋರು ವಾದ, ನಡುನಡುವೆ ನಗು. ಊಟದ ಹೊತ್ತು ಮೀರಿತು. ನಮ್ಮ ಮನೆಯಲ್ಲಿ ಊಟಕ್ಕೆ ತಡವಾದರೆ ನಾನು ಸುಮ್ಮನಿರುವವಳಲ್ಲ ಎಂಬುದು ನಿಮಗೆಲ್ಲ ಗೊತ್ತು. ಅಂದು ತಟ್ಟೆಗಳ ಮೇಲೆ ಬಟ್ಟೆ ಮುಚ್ಚಿ, ಬಾಗಿಲು ತೆರೆದಿಟ್ಟು, ಕೇಳುತ್ತ ಕೂತೆ.