ಗುರುವಾರವೇ ಬಂದ ಶುಕ್ರವಾರ

ಎಲ್ಲಕ್ಕೂ ದೇವರದೇ ಒಂದು ಸಮಯವಿದೆ ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ತಪ್ಪದೆ ಚರ್ಚಿನ ಪೂಜೆಗೆ ಹೋಗುವ ಕ್ರೈಸ್ತಳು ನಾನು. ಆದರೆ ಹಾಸನದಲ್ಲಿ ನರ್ಸಾಗಿ ದುಡಿದವಳಿಗೆ ಸಮಯವೆಂದರೆ ಗೋಡೆ ಗಡಿಯಾರ, ಡ್ಯೂಟಿ ಬದಲಾಗುವ ಹೊತ್ತು, ಅಷ್ಟೇ. ಈಗ ನಗುವುದಿಲ್ಲ. ಹಾಗಂತ ನಂಬಿದ್ದೇನೆ ಎನ್ನಲೂ ಮನಸ್ಸಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನಿವೃತ್ತಿಯಾದ ಮೇಲೆ ಹೊಳೆನರಸೀಪುರದಲ್ಲಿ ತಂಗಿ ಫಿಲೋಮಿನಾಳ ಮನೆಯಲ್ಲಿದ್ದೆ. ಅವಳಿಗೆ ಹೃದಯದ ತೊಂದರೆ; ಚರ್ಚಿಗೆ ಹೋಗಲು ಆಗುತ್ತಿರಲಿಲ್ಲ. ನಮ್ಮಲ್ಲಿ ಅಂಥವರ ಮನೆಗೆ ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ, ಅಂದರೆ ಯೇಸುವೇ ಎಂದು ನಾವು ನಂಬುವ ರೊಟ್ಟಿ, ತರುತ್ತಾರೆ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆಯಿಟ್ಟು, ಮೇಣದಬತ್ತಿ ಹಚ್ಚಿ ಕಾಯುವುದು ವಾಡಿಕೆ. ಆಗ ಫಾದರ್ ಚನ್ನರಾಯಪಟ್ಟಣದಿಂದ ಬರುತ್ತಿದ್ದರು.

ತಂಗಿಯ ಒಬ್ಬಳೇ ಮಗಳು ರೀಟಾ ಹಳ್ಳಿಮೈಸೂರಿನ ಗೌಡರ ಹುಡುಗ ಮಂಜುವನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಅಂದಿನಿಂದ ತಾಯಿ ಅವಳ ಮುಖ ನೋಡಿರಲಿಲ್ಲ. ನಾನು ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೊಮ್ಮೆ ಮಗಳನ್ನು ಮನೆಗೆ ಕರೆಯಲು ತಂಗಿ ಒಪ್ಪಿದಳು.

“ಮೊದಲ ಶುಕ್ರವಾರ ಬರ್ಲಿ. ಪ್ರಸಾದ ತಗೊಂಡ ದಿನ ನಂಗೆ ಬಯ್ಯಕ್ಕೆ ಬಾಯಿ ಬರಲ್ಲ.”

ಅದರ ಹಿಂದಿನ ದಿನ, ಗುರುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಂಗಿ ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ಮೇಜಿಗೆ ಬಿಳಿ ಬಟ್ಟೆ ಹಾಸಿ ಕೂತಿದ್ದಳು.

“ಏನೇ ಇದು? ಇವತ್ತು ಗುರುವಾರ ಕಣೇ.”

“ಅಕ್ಕ, ನಿಂಗೆ ವಯಸ್ಸಾಯ್ತು. ನನ್ನ ಮಾತ್ರೆ ನೀನು ನುಂಗು.”

ಬಟ್ಟೆ ಮಡಿಸಿಡೋಣವೆಂದು ಕೈಹಾಕಿದೆ. ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರ್ ನಿಂತಿತು. ಫಾದರ್! ಪ್ರಸಾದ ಹೊತ್ತು ಬಂದವರನ್ನು ನಾವು ಮಾತನಾಡಿಸುವುದಿಲ್ಲ, ಮಂಡಿಯೂರಿದೆ. ಎಲ್ಲ ಮುಗಿದು ಅವರು ಹೊರಗೆ ಬಂದಾಗ, ಇವತ್ತು ಗುರುವಾರವಲ್ಲವೇ ಎಂದು ಕೇಳಿದೆ. ನಗುತ್ತಲೇ ಫೋನ್ ತೆಗೆದು ನೋಡಿದರು. ಮುಖ ಸಪ್ಪಗಾಯಿತು.

“ಶುಕ್ರವಾರ ಅಂತಲೇ ಎದ್ದೆ, ಅಮ್ಮ. ಇಷ್ಟು ದೂರ ಬಂದ್ರೂ ಅನುಮಾನವೇ ಬರ್ಲಿಲ್ಲ.”

ತಂಗಿ, ಫಾದರ್ ಇಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿರಲಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದೇನೆ.

ಆಮೇಲೆ ತಂಗಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಮಗಳಿಗಾಗಿ ಕಾಯತೊಡಗಿದಳು. ರೀಟಾಗೆ ಫೋನ್ ಮಾಡಿದೆ. ಎತ್ತಿದವನು ಮಂಜು.

“ನಾಳೆ ತಾನೇ ದೊಡ್ಡಮ್ಮ ನೀವು ಅಂದಿದ್ದು? ರೀಟಾ ನಮ್ಮವ್ವನ ಕಣ್ಣು ತೋರ್ಸಕ್ಕೆ ಆಸನದ ಆಸ್ಪತ್ರೆಗೆ ಓಗವ್ಳೆ, ಫೋನು ಮನೇಲೇ ಬಿಟ್ಟವ್ಳೆ. ಬೆಳಿಗ್ಗೆನೇ ಕಳಿಸ್ತೀನಿ. ಶುಕ್ರವಾರ ನಿಮ್ಮಲ್ಲಿ ಬಾಡೂಟ ಇಲ್ಲ ಅಂತ ನಾನು ಬರಕಿಲ್ಲ ಬುಡಿ!”

ತಂಗಿಗೆ ಹೇಳಿದೆ. ಕ್ಯಾಲೆಂಡರ್ ತೋರಿಸಿದೆ. ಫಾದರೇ ತಪ್ಪು ಒಪ್ಪಿಕೊಂಡರು ಅಂದೆ.

“ಅವಳು ಬರ್ಲಿಲ್ಲ ಅಂತ ನೀನು ಕಥೆ ಕಟ್ಬೇಡ, ಅಕ್ಕ. ಕ್ಯಾಲೆಂಡರ್ ಸರಿ, ಫಾದರ್ ತಪ್ಪಾ? ದೇವ್ರು ಬಂದ, ಮಗಳು ಬರ್ಲಿಲ್ಲ.”

ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾಡಿ ನೋಡಿದೆ, ಹೆದರುವಂಥದ್ದೇನೂ ಇರಲಿಲ್ಲ. ಬೆಳಗಾದರೆ ಮಗಳನ್ನು ನೋಡಿ ತಾನೇ ಸುಮ್ಮನಾಗುತ್ತಾಳೆ ಎಂದುಕೊಂಡೆ.

ಬೆಳಿಗ್ಗೆ ಕಾಫಿ ಒಯ್ದಾಗ ಮೈ ತಣ್ಣಗಾಗಿತ್ತು. ನಾನು ಲೋಟ ಕೆಳಗಿಡುವ ಮುಂಚೆಯೇ ಅವರೆಕಾಯಿ ಚೀಲ ಹಿಡಿದು ರೀಟಾ ಬಾಗಿಲಲ್ಲಿ ನಿಂತಿದ್ದಳು.

ಮಣ್ಣಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎಂಥ ಪುಣ್ಯದ ಸಾವು, ಶುಕ್ರವಾರ ಇವಳು ಇರುವುದಿಲ್ಲವೆಂದು ಬಲ್ಲ ದೇವರು ಒಂದು ದಿನ ಮುಂಚೆಯೇ ಫಾದರನ್ನು ಕಳಿಸಿದ ಎಂದರು. ಫಾದರೂ ಪೂಜೆಯ ಪ್ರವಚನದಲ್ಲಿ ಅದನ್ನೇ ಹೇಳಿದರು.

ರೀಟಾ ನನ್ನನ್ನು ಸಮಾಧಿಯ ಪಕ್ಕಕ್ಕೆ ಕರೆದಳು. “ನಾನು ಬರ್ತಿದ್ದೀನಿ ಅಂತ ಅಮ್ಮಂಗೆ ಗೊತ್ತಿತ್ತಾ?”

ರೋಗಿಗಳ ಮನೆಯವರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಹಾಕಿದಳು.

“ಅವರಿಬ್ಬರ ತಲೆಗೆ ಶುಕ್ರವಾರ ಅಂತ ಹಾಕ್ದೋನು ನನ್ನ ತಲೆಗೂ ಹಾಕ್ಬೋದಿತ್ತಲ್ಲ, ದೊಡ್ಡಮ್ಮ. ಹಳ್ಳಿಮೈಸೂರಿಂದ ಇಲ್ಲಿಗೆ ಎಷ್ಟು ದೂರ?”

ಕಾಕತಾಳೀಯ ಎಂದು ತಳ್ಳಿಹಾಕಲಾರೆ. ಫಾದರ್ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಪ್ರಾರ್ಥನೆ ಬಿಟ್ಟಿಲ್ಲ. ಆದರೆ ಚರ್ಚಿನಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವಾಗ ದೇವರ ಚಿತ್ತ ನೆರವೇರಲಿ ಎನ್ನುವ ಮಾತು ಬಂದರೆ ಬಾಯಿ ಮುಚ್ಚಿಕೊಂಡು, ಉಳಿದವರು ಅದನ್ನು ಹೇಳಿ ಮುಗಿಸುವವರೆಗೂ ಸುಮ್ಮನೆ ನಿಂತಿರುತ್ತೇನೆ.