ಕನ್ನಡಿಗೆ ಸುತ್ತಿದ ಹಗ್ಗ

ಪಡಸಾಲೆಗೆ ಸುಣ್ಣ ಬಳಿಯಬೇಕೆಂದು ಮೊಳೆಯ ಮೇಲಿನ ಹಗ್ಗ ತೆಗೆದೆ ನೋಡಿ, ಹಳೆಯ ನಾರಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ, ನಿನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ತಂದ ಗೋಡೆ ಗಡಿಯಾರ ಪೆಟ್ಟಿಗೆಯ ಹುಲ್ಲಿನ ಮೇಲೆ ಮದುಮಗನಂತೆ ಮಲಗಿತ್ತು. ಅದಕ್ಕೆ ಈ ಮೊಳೆಯೇ ಸರಿ ಎಂದು ಅಂಗಡಿಯಲ್ಲೇ ಗೊತ್ತುಮಾಡಿಕೊಂಡಿದ್ದೆ.

ಮೊಳೆ ಹೊಡೆದವರು ನನ್ನ ಸೋದರಮಾವ. ಮಗಳನ್ನು ಕೊಟ್ಟು ನನ್ನನ್ನು ರಾರಾವಿಯ ಈ ಮನೆಯಲ್ಲೇ ಇಟ್ಟುಕೊಂಡ ಪುಣ್ಯಾತ್ಮರು. ಆಗ ಬಳ್ಳಾರಿಗೆ ರೈಲು ಬಂದ ಹೊಸತು. ಮದರಾಸಿನ ಸಾಮಾನೆಲ್ಲ ಬ್ರೂಸ್‌ಪೇಟೆಗೆ ಬಂದು ಬೀಳುತ್ತಿತ್ತು. ಅಲ್ಲಿ ಬಾಗಿಲಗಲದ ಕನ್ನಡಿಯೊಂದನ್ನು ಕಂಡ ಮಾವ, ಕೊಳ್ಳುವ ಮೊದಲೇ ಮನೆಗೆ ಬಂದು ಮೊಳೆ ಹೊಡೆದರು. ತರಲು ಹೊರಟಾಗ ಜೊತೆಗೆ ನಾನು. ಅದು ಗಾಡಿ ಏರಿದಾಗ ಅವರ ಮುಖ ನೋಡಬೇಕಿತ್ತು! ಕೊಂಡರೆ ಸುಖವಿಲ್ಲ ಎನ್ನುವವರನ್ನು ನಾನು ಅಂದಿನಿಂದ ನಂಬಿಲ್ಲ.

ಮರಳುವ ದಾರಿಯಲ್ಲಿ, ಕುರುಗೋಡಿನ ತವರಿನಿಂದ ಅತ್ತೆ ಗಾಡಿ ಹತ್ತಿದರು.

“ಇದೇನ್ರಿ, ಯಾರ ಮದಿವಿಗೆ?”

“ನಿನಗ ತಂದೀನಿ. ಕುಂಕುಮ ಹಚ್ಕೊಳ್ಳಾಕ.”

“ಇಷ್ಟ್ ವರ್ಷ ಕೊಡದ ನೀರಾಗ ನೋಡ್ಕೊಂಡು ಹಚ್ಕೊಂಡೀನಿ. ಒಂದಿನಾರ ಸೊಟ್ಟ ಆಗೈತೇನು? ಅದಿರ್ಲಿ, ಹೊಳಿ ಹಗ್ಗ ಯಾಕ ಇದಕ್ಕ ಸುತ್ತೀರಿ?”

“ಹಗರ್ಯಾಗ ನೀರೆಲ್ಲೈತಿ? ಸುಮ್ನ ಕುಂದ್ರು.”

ಹಗರಿ ಮರಳಿನ ಹೊಳೆ. ಮೇಲೆಲ್ಲೋ ಸುರಿದ ಮಳೆಯ ನೀರು ಇಲ್ಲಿಗೆ ಬಿಸಿಲಿನಲ್ಲೇ ಬಂದುಬಿಡುತ್ತದೆ. ಅದಕ್ಕೇ ನಮ್ಮ ಕಡೆ ಹಗ್ಗವಿಲ್ಲದ ಗಾಡಿ ಹೊಳೆಗಿಳಿಯುವುದಿಲ್ಲ. ಸಿರುಗುಪ್ಪ ದಾಟಿ ಇಳಿದೆವು. ನಡುಹೊಳೆಯಲ್ಲಿ ಗಾಲಿ ಹೂತಿತು. ಭಾರ ಕಡಿಮೆಯಾಗಲೆಂದು ಅತ್ತೆ ಕೆಳಗಿಳಿದರು, ಕನ್ನಡಿ ಇಳಿಯಲಿಲ್ಲ. ನಾನು ಗಾಲಿಗೆ ಹೆಗಲು ಕೊಟ್ಟೆ. ಮೊದಲು ಪಾದ ತಣ್ಣಗಾಯಿತು. ತಲೆಯೆತ್ತುವಷ್ಟರಲ್ಲಿ ಕೆಸರುನೀರು ಮೊಣಕಾಲಿಗೆ, ಸೊಂಟಕ್ಕೆ. ಅತ್ತೆಯ ಕಾಲಡಿಯ ಮರಳು ಸರಿಯಿತು. ಸೆಳವು ಅವರನ್ನು ಒಯ್ದು, ಮರಳಿನಲ್ಲಿ ಹೂತ ಜಾಲಿ ಬೊಡ್ಡೆಯೊಂದಕ್ಕೆ ಒತ್ತಿ ನಿಲ್ಲಿಸಿತು.

“ಹಗ್ಗ ಒಗೀರಿ! ಲಗೂನ!” ಎಂದು ಅತ್ತೆ ಕೂಗಿದರು.

ಹಗ್ಗ ಕನ್ನಡಿಯ ಮೈಮೇಲಿತ್ತು. ಕನ್ನಡಿ ಒಡೆಯಬಾರದೆಂದು ಮಾವನೇ ಬಿಗಿದ ಗಂಟುಗಳು, ಗಾಡಿಗೆ ನುಗ್ಗಿದ ನೀರಿನಲ್ಲಿ ನೆನೆದು ಕಲ್ಲಾಗಿದ್ದವು. ಮಾವ ಉಗುರು ಹಾಕಿದರು, ಹಲ್ಲು ಹಾಕಿದರು. ಅತ್ತೆಯ ಒಂದು ಕೈ ಬೊಡ್ಡೆಯಿಂದ ಜಾರಿತು.

“ಮಾವಾ, ಒಡೀ ಅದನ್ನ!” ಎಂದು ಚೀರಿದೆ. ಅವರನ್ನು ನಾನು ಏಕವಚನದಲ್ಲಿ ಕೂಗಿದ್ದು ಅದೊಂದೇ ಸಲ.

ಮಾವ ಗಾಡಿಯ ಗೂಟ ಕಿತ್ತು ಹೊಡೆದರು. ಗಾಜು ಉದುರಿತು, ಚೌಕಟ್ಟು ಮುರಿಯಿತು, ಹಗ್ಗ ಸಡಿಲಾಯಿತು.

ದಡದಲ್ಲಿ ನೀರು ಕಾರಿ, ಉಸಿರು ತಿರುಗಿದ ಮೇಲೆ ಅತ್ತೆ ಆಡಿದ ಮೊದಲ ಮಾತು: “ಮನ್ಯಾಗಿನ ಮೊಳಿ ಕೀಳಬ್ಯಾಡ್ರಿ. ಹಗ್ಗ ಹಾಕಾಕ ಬೇಕು.” ಮಾವ ಆ ಹಗ್ಗದಲ್ಲೇ ಮುಖ ಮುಚ್ಚಿಕೊಂಡರು.

ಈಗ ಇಬ್ಬರೂ ಇಲ್ಲ. ಸುಣ್ಣ ಒಣಗಿತು. ನನ್ನಾಕೆ ಬಂದು ಗಡಿಯಾರ ನೋಡಿದಳು, ನನ್ನ ಕೈಯಲ್ಲಿನ ಹಗ್ಗ ನೋಡಿದಳು.

“ಭಾಳ ಚೆಂದೈತ್ರಿ. ಅವ್ವನ ಹಗ್ಗ ಎಲ್ಲಿಡ್ತೀರಿ?”

ಇನ್ನೊಂದು ಮೊಳೆ ಹೊಡೆಯಬಹುದಿತ್ತು; ಸುತ್ತಿಗೆ ಅಲ್ಲೇ ಇತ್ತು. ಹಗ್ಗವನ್ನು ಅದರ ಜಾಗಕ್ಕೇ ಹಾಕಿದೆ. ನಾಳೆ ಬಳ್ಳಾರಿಗೆ ಹಿಂತಿರುಗಿಸಲು ಗಡಿಯಾರದ ಪೆಟ್ಟಿಗೆ ಮುಚ್ಚಿ, ಕಟ್ಟಲು ಏನಾದರೂ ಬೇಕಲ್ಲ ಎಂದು ಸುತ್ತ ನೋಡಿದೆ. ಆಕೆ ತನ್ನ ಹಳೆಯ ಸೀರೆಯ ಅಂಚು ಹರಿದು ಕೊಟ್ಟಳು.